‘ನನಗೇನೂ ಆಗಿಲ್ಲ ಮೇಡಂ’: ಒಂದು ರಾಕ್ ಹಾಡು, ಅದರೊಳಗಿನ ಎರಡು ದನಿ

ಇದು ನನ್ನ ಬಳಿ ಕೌನ್ಸೆಲಿಂಗ್‌ಗೆ ಬಂದ ಒಬ್ಬರ ಪ್ರಕರಣ. ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಊರು, ಕೆಲಸದ ಕೆಲವು ವಿವರ ಬದಲಿಸಿದ್ದೇನೆ. ಹಾಡನ್ನು ಮಾತ್ರ ಬದಲಿಸಿಲ್ಲ. ಅದನ್ನು ಬದಲಿಸಿದರೆ ಹೇಳಲು ಏನೂ ಉಳಿಯುವುದಿಲ್ಲ. ಇವರನ್ನು ಶಶಿ ಎಂದು ಕರೆಯೋಣ.

ಹಿನ್ನೆಲೆ

ಶಶಿಗೆ ಮೂವತ್ತು ದಾಟಿದೆ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಸರ್ವರ್ ಕೆಟ್ಟರೆ ನಡುರಾತ್ರಿ ಫೋನ್ ಬರುವ, ಆನ್‌ಕಾಲ್ ಇರುವ ಟೀಮು. ಊರು ಮಧ್ಯ ಕರ್ನಾಟಕದ ಕಡೆ. ಇಬ್ಬರೇ ಮಕ್ಕಳು, ಅಕ್ಕನೂ ಬೆಂಗಳೂರಿನಲ್ಲೇ ಇದ್ದಾರೆ. ನನ್ನ ಬಳಿ ಬರುವುದಕ್ಕೆ ಎರಡು ವರ್ಷ ಮೊದಲು ಅಮ್ಮ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ವೈಕುಂಠ ಸಮಾರಾಧನೆ ಮುಗಿದ ಮಾರನೇ ದಿನವೇ ಶಶಿ ಲ್ಯಾಪ್‌ಟಾಪ್ ತೆರೆದು ಕೂತರು. ‘ಎಷ್ಟು ಗಟ್ಟಿ ಹುಡುಗ ನೋಡಿ’ ಎಂದು ನೆಂಟರು ಮೆಚ್ಚಿದರಂತೆ.

ಕರೆದುಕೊಂಡು ಬಂದದ್ದು ಅಕ್ಕ. ಶಶಿ ಕುರ್ಚಿಯಲ್ಲಿ ಕೂತು ಮೊದಲು ಹೇಳಿದ ಮಾತು, ‘ನನಗೇನೂ ಆಗಿಲ್ಲ ಮೇಡಂ. ನಿಜ ಹೇಳ್ಬೇಕು ಅಂದ್ರೆ ದುಃಖಾನೂ ಇಲ್ಲ.’

ಅವರು ಸುಳ್ಳು ಹೇಳುತ್ತಿರಲಿಲ್ಲ. ಖಿನ್ನತೆಯ ಮಟ್ಟ ಅಳೆಯಲು ನಾವು ಬಳಸುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಇದೆ. ಕಳೆದ ಎರಡು ವಾರ ಹೇಗಿತ್ತು ಎಂದು ಒಂಬತ್ತು ಪ್ರಶ್ನೆ ಕೇಳುತ್ತದೆ. ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 27. ಅಂಕ ಜಾಸ್ತಿಯಾದಷ್ಟೂ ಖಿನ್ನತೆ ಜಾಸ್ತಿ. ಮೊದಲ ಪ್ರಶ್ನೆ, ಯಾವುದರಲ್ಲೂ ಆಸಕ್ತಿ, ಖುಷಿ ಇಲ್ಲದಂತಾಗಿದೆಯಾ ಎಂಬುದು. ಎರಡನೆಯದು, ಬೇಜಾರು, ಕುಗ್ಗಿದ ಭಾವ ಇದೆಯಾ ಎಂಬುದು. ಶಶಿ ಮೊದಲನೆಯದಕ್ಕೆ 3 ಹಾಕಿದರು, ಎರಡನೆಯದಕ್ಕೆ 0. ನಿದ್ದೆ, ಸುಸ್ತು, ಗಮನ ನಿಲ್ಲದಿರುವುದು ಎಲ್ಲಾ ಸೇರಿ ಮೊತ್ತ 16 ಆಯಿತು. ಸಾಯುವ ಯೋಚನೆಯ ಪ್ರಶ್ನೆಗೆ 0. ಅದನ್ನು ಕಾಗದದ ಮೇಲೆ ಬಿಡದೆ ಬಾಯಿಬಿಟ್ಟು ಕೇಳಿದೆ. ಇಲ್ಲ ಅಂದರು.

ಕಣ್ಣೀರು ಇಲ್ಲದೆಯೂ ಖಿನ್ನತೆ ಇರುತ್ತದೆ ಎಂಬುದು ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಯಾವುದರಲ್ಲೂ ರುಚಿ ಇಲ್ಲದಿರುವುದೂ ಅದರ ಮುಖ್ಯ ಲಕ್ಷಣ. ಶಶಿ ಅದನ್ನು ತಮ್ಮದೇ ರೀತಿಯಲ್ಲಿ ಹೇಳಿದರು: ‘ಹಲ್ಲು ಕೀಳೋ ಮೊದಲು ಇಂಜೆಕ್ಷನ್ ಕೊಟ್ಟಾಗ ತುಟಿ ಇರುತ್ತಲ್ಲ, ಹಾಗೆ. ಇದೆ, ಆದ್ರೆ ನನ್ನದಲ್ಲ.’

ನಮ್ಮಲ್ಲಿಗೆ ಬರುವ ಮನೋವೈದ್ಯರು ಅವರನ್ನು ನೋಡಿ ಎಸ್ಸಿಟಾಲೋಪ್ರಾಮ್ ಎಂಬ ಖಿನ್ನತೆಯ ಮಾತ್ರೆ ಶುರುಮಾಡಿದರು. ನನ್ನ ಜೊತೆ ವಾರಕ್ಕೊಮ್ಮೆ ಮಾತು. ಒಂದೂವರೆ ತಿಂಗಳಲ್ಲಿ ನಿದ್ದೆ ಸರಿಯಾಯಿತು, ಊಟ ಸರಿಯಾಯಿತು. ಮಾತು ಮಾತ್ರ ಎಲ್ಲಿತ್ತೋ ಅಲ್ಲೇ ಇತ್ತು. ಅಮ್ಮನ ಬಗ್ಗೆ ಕೇಳಿದರೆ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ಓದಿದಂತೆ ಹೇಳುತ್ತಿದ್ದರು: ಯಾವಾಗ ಗೊತ್ತಾಯಿತು, ಎಷ್ಟು ಕೀಮೋ, ಯಾವ ತಾರೀಖು.

ಹಾಡು ಕೋಣೆಯೊಳಗೆ ಬಂದದ್ದು

ಒಂದು ದಿನ ಹೆಡ್‌ಫೋನ್ ಕತ್ತಿಗೆ ಹಾಕಿಕೊಂಡೇ ಒಳಗೆ ಬಂದರು. ಸಣ್ಣಗೆ ಗಿಟಾರ್ ಕೇಳುತ್ತಿತ್ತು. ಏನು ಅದು ಎಂದೆ. ಸ್ವಲ್ಪ ನಾಚಿಕೊಂಡರು. ಬರುವಾಗ ಮೆಟ್ರೋದಲ್ಲಿ, ಹೋಗುವಾಗ ಮೆಟ್ರೋದಲ್ಲಿ, ಕೋಡ್ ಬರೆಯುವಾಗ, ಮಲಗುವ ಮುಂಚೆ, ಅದೇ ಒಂದು ಹಾಡು. ಅಮ್ಮ ಹೋದ ಮೇಲೆ ಬೇರೆ ಹಾಡು ಕೇಳಿದ್ದೇ ಕಮ್ಮಿಯಂತೆ.

ಹಾಡು ಪಿಂಕ್ ಫ್ಲಾಯ್ಡ್ ಎಂಬ ಬ್ರಿಟಿಷ್ ರಾಕ್ ತಂಡದ ‘ಕಂಫರ್ಟಬ್ಲಿ ನಮ್’, ಅಂದರೆ ಹಾಯಾಗಿ ಮರಗಟ್ಟಿರುವುದು. 1979ರ ನವೆಂಬರ್ ಕೊನೆಗೆ ಬಂದ ‘ದಿ ವಾಲ್’ ಆಲ್ಬಂನದು. ರಾಕ್ ಕೇಳುವವರಿಗೆ ಇದನ್ನು ಪರಿಚಯಿಸುವ ಅಗತ್ಯವಿಲ್ಲ. ಬೆಂಗಳೂರಿನಲ್ಲಿ ಅಂಥವರು ಕಮ್ಮಿಯೇನಿಲ್ಲ. ಆ ತಂಡದಲ್ಲಿದ್ದ ರೋಜರ್ ವಾಟರ್ಸ್ 2002ರಲ್ಲಿ ಅರಮನೆ ಮೈದಾನದಲ್ಲಿ ಹಾಡಿಹೋದಾಗ ಶಶಿಯ ದೊಡ್ಡಪ್ಪನ ಮಗ ಅಲ್ಲಿಗೆ ಹೋಗಿದ್ದರಂತೆ. ಊರಿಗೆ ಬಂದು ಹೈಸ್ಕೂಲ್ ಹುಡುಗನ ಕೈಗೆ ಒಂದು ಎಂಪಿತ್ರೀ ಸಿಡಿ ಕೊಟ್ಟರು. ಅಲ್ಲಿಂದ ಶುರು.

ನಾನು ಭಾವಗೀತೆ ಕೇಳಿ ಬೆಳೆದವಳು. ಆರು ನಿಮಿಷಕ್ಕೂ ಜಾಸ್ತಿ ಇರುವ ಈ ಹಾಡನ್ನು ಮೊದಲ ಸಲ ಪೂರ್ತಿ ಕೇಳಿದ್ದು ಶಶಿಯಿಂದಾಗಿಯೇ.

ಇಲ್ಲೊಂದು ತೀರ್ಮಾನ ಮಾಡಬೇಕಿತ್ತು. ಒಂದೇ ಹಾಡನ್ನು ದಿನವಿಡೀ ಸುತ್ತಿಸುವುದು ಒಳ್ಳೆಯ ಲಕ್ಷಣವೇ ಆಗಬೇಕೆಂದಿಲ್ಲ. ಕೆಲವರಿಗೆ ಅದು ಒಳಗಿನದನ್ನು ಹೊರಹಾಕುವ ದಾರಿ. ಇನ್ನು ಕೆಲವರಿಗೆ ಅದೇ ಯೋಚನೆಯನ್ನು ಮತ್ತೆ ಮತ್ತೆ ಮೆಲುಕು ಹಾಕುವ ಚಟ. ಅಕ್ಕನ ಅಭಿಪ್ರಾಯ ಸ್ಪಷ್ಟವಾಗಿತ್ತು: ‘ಆ ಹಾಡು ಬಿಡಿಸಿ ಮೇಡಂ, ಅದ್ರಿಂದಲೇ ಹಿಂಗಾಗಿದಾನೆ.’ ನನಗೆ ಹಾಗನಿಸಲಿಲ್ಲ. ಎರಡು ತಿಂಗಳಲ್ಲಿ ಶಶಿಯ ಮುಖದಲ್ಲಿ ಏನಾದರೂ ಚಲನೆ ಕಂಡದ್ದು ಆ ಹಾಡಿನ ಬಗ್ಗೆ ಮಾತಾಡುವಾಗ ಮಾತ್ರ. ಇರುವ ಒಂದೇ ಬಾಗಿಲನ್ನು ಮುಚ್ಚುವುದರಲ್ಲಿ ಅರ್ಥವಿಲ್ಲ ಅಲ್ವಾ?

ಹಾಗಾಗಿ ಹಾಡನ್ನು ಕೇಳಬೇಡಿ ಎನ್ನಲಿಲ್ಲ. ಒಂದೇ ಒಂದು ಲೆಕ್ಕ ಇಡಲು ಹೇಳಿದೆ. ಹಾಡು ಮುಗಿದ ಮೇಲಿನ ಹತ್ತು ನಿಮಿಷ ಏನು ಮಾಡಿದಿರಿ, ಅದನ್ನಷ್ಟೇ ಫೋನಿನಲ್ಲಿ ಬರೆದಿಡಿ. ವಾರದ ಕೊನೆಗೆ ತಂದು ತೋರಿಸಿದರು. ‘ಮತ್ತೆ ಹಾಕಿದೆ.’ ‘ಮತ್ತೆ ಹಾಕಿದೆ.’ ‘ಟಿಕೆಟ್ ಕ್ಲೋಸ್ ಮಾಡಿದೆ’ (ಆಫೀಸಿನ ಒಂದು ದೂರು ಬಗೆಹರಿಸಿದೆ ಎಂದರ್ಥ). ‘ಅಕ್ಕನ ಫೋನ್, ಎತ್ತಲಿಲ್ಲ.’ ‘ಮತ್ತೆ ಹಾಕಿದೆ.’

ಆ ಹಾಡಿನಲ್ಲಿ ನಿಮಗೆ ಏನು ಸಿಗುತ್ತದೆ ಎಂದು ಕೇಳಿದೆ. ಆಗ ಅವರು ಕೊಟ್ಟ ಅರ್ಥ ಇದು: ಏನೂ ಅನಿಸದ ಸ್ಥಿತಿಯೇ ನೆಮ್ಮದಿ. ಹಾಡಿನವನು ನೋವಿಲ್ಲ ಅನ್ನುತ್ತಾನೆ, ಎಲ್ಲಾ ದೂರ ಸರಿಯುತ್ತಿದೆ ಅನ್ನುತ್ತಾನೆ, ಆರಾಮಾಗಿದ್ದಾನೆ. ‘ನಾನೂ ಹಾಗೇ. ದೊಡ್ಡವರಾಗೋದು ಅಂದ್ರೆ ಇದೇ ಅನ್ಸುತ್ತೆ.’

ನಾನು ಒಪ್ಪಲೂ ಇಲ್ಲ, ತಿದ್ದಲೂ ಇಲ್ಲ. ಇದು ಮೊದಲ ಅರ್ಥ ಎಂದು ಬರೆದಿಟ್ಟುಕೊಂಡೆ.

ಮಾತ್ರೆ ನಿಂತ ವಾರ

ಮುಂದಿನ ಅರ್ಥ ಅಪಾಯದ್ದು.

ಶಶಿ ಹಾಡಿನ ಹುಟ್ಟಿನ ಬಗ್ಗೆ ಹುಡುಕಿ ಓದಿದರು. ಆ ಕಥೆ ನಿಜವಾದದ್ದೇ. 1977ರ ಪ್ರವಾಸದಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ, ಕಾರ್ಯಕ್ರಮಕ್ಕೆ ಮುಂಚೆ ರೋಜರ್ ವಾಟರ್ಸ್‌ಗೆ ವಿಪರೀತ ಹೊಟ್ಟೆನೋವು ಬಂದಿತ್ತು. ಒಬ್ಬ ಡಾಕ್ಟರು ಇಂಜೆಕ್ಷನ್ ಕೊಟ್ಟರು. ವಾಟರ್ಸ್ ವೇದಿಕೆ ಹತ್ತಿದರು, ಕೈ ಸರಿಯಾಗಿ ಸ್ವಾಧೀನದಲ್ಲಿರಲಿಲ್ಲ, ಆದರೂ ಕಾರ್ಯಕ್ರಮ ನಡೆಯಿತು. ಆ ಅನುಭವವೇ ಮುಂದೆ ಸಾಹಿತ್ಯವಾಯಿತು. ಆಲ್ಬಂನ ಕಥೆಯಲ್ಲಿ ಪಿಂಕ್ ಎಂಬ ರಾಕ್ ಗಾಯಕ ಹೋಟೆಲ್ ರೂಮಿನಲ್ಲಿ ಮಾತೇ ಇಲ್ಲದೆ ಕೂತಿದ್ದಾಗ, ಅವನಿಗೆ ಸೂಜಿ ಚುಚ್ಚಿ ಎಬ್ಬಿಸಿ ವೇದಿಕೆಗೆ ಕಳಿಸುತ್ತಾರೆ.

ಇದನ್ನು ಓದಿದ ಶಶಿಗೆ ಎಲ್ಲಾ ತಾಳೆಯಾಯಿತು. ಡಾಕ್ಟರು, ಔಷಧಿ, ಮರಗಟ್ಟಿದ ಮನಸ್ಸು. ‘ಹಾಡು ನನಗೆ ಮೊದಲೇ ಹೇಳ್ತಿತ್ತು, ನನಗೆ ಗೊತ್ತಾಗಲಿಲ್ಲ’ ಎಂದುಕೊಂಡರು. ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದರು.

ಮೂರ್ನಾಲ್ಕು ದಿನಕ್ಕೆ ತಲೆಸುತ್ತು ಶುರುವಾಯಿತು. ತಲೆ ತಿರುಗಿಸಿದರೆ ಒಳಗೆ ಕರೆಂಟ್ ಹೊಡೆದಂತಾಗುವುದು, ಸಣ್ಣದಕ್ಕೂ ಸಿಡುಕು, ನಿದ್ದೆಗೇಡು. ಅಕ್ಕ ಗಾಬರಿಯಾಗಿ ಫೋನ್ ಮಾಡಿದರು. ಈ ಗುಂಪಿನ ಮಾತ್ರೆಗಳನ್ನು ಏಕಾಏಕಿ ಬಿಟ್ಟರೆ ಹೀಗಾಗುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಬಿಡುವುದೇ ಆದರೆ ಹಂತಹಂತವಾಗಿ ಇಳಿಸಬೇಕು. ಶಶಿ ಮಾತ್ರ ಇದನ್ನೂ ಹಾಡಿಗೇ ಸೇರಿಸಿಕೊಂಡಿದ್ದರು: ‘ನೋಡಿ, ವಿಷ ಹೊರಗೆ ಹೋಗ್ತಿದೆ.’

ಈ ಪ್ರಕರಣದ ಮೊದಲ ತಿರುವು ಮನೋವೈದ್ಯರ ಕೋಣೆಯಲ್ಲಿ ಆಯಿತು. ಅವರು ಬೈಯಲಿಲ್ಲ, ಹಾಡನ್ನು ತಳ್ಳಿಹಾಕಲೂ ಇಲ್ಲ. ಎರಡು ಮಾತು ಹೇಳಿದರು. ಒಂದು, ಒಂದು ರಾತ್ರಿಯ ಮಟ್ಟಿಗೆ ಒಬ್ಬನನ್ನು ನಿಲ್ಲಿಸಲು ಕೊಟ್ಟ ಇಂಜೆಕ್ಷನ್ನೇ ಬೇರೆ, ವಾರಗಟ್ಟಲೆ ತೆಗೆದುಕೊಂಡ ಮೇಲೆ ನಿಧಾನಕ್ಕೆ ಕೆಲಸ ಮಾಡುವ ಈ ಮಾತ್ರೆಯೇ ಬೇರೆ. ಎರಡು, ‘ಏನೂ ಅನಿಸ್ತಿಲ್ಲ ಅನ್ನೋ ನಿಮ್ಮ ದೂರು ಸುಳ್ಳಲ್ಲ.’ ಭಾವನೆ ಚಪ್ಪಟೆಯಾಗುವುದು ಖಿನ್ನತೆಯಿಂದಲೂ ಆಗುತ್ತದೆ, ಕೆಲವರಿಗೆ ಈ ಮಾತ್ರೆಗಳಿಂದಲೂ ಆಗುತ್ತದೆ. ಶಶಿಗೆ ಮಾತ್ರೆಗೂ ಮುಂಚೆಯೇ ಹಾಗಿತ್ತು, ಅಂದರೆ ಪೂರಾ ತಪ್ಪನ್ನು ಮಾತ್ರೆಯ ಮೇಲೆ ಹೊರಿಸಲಾಗದು. ಆದರೆ ಈಗ ಅದು ಸ್ವಲ್ಪ ಸೇರಿಸುತ್ತಿರಲೂಬಹುದು. ಅದೇ ಮಾತ್ರೆ ಮತ್ತೆ ಶುರುಮಾಡಿ, ಸುಧಾರಿಸಿದ ಮೇಲೆ ನಿಧಾನಕ್ಕೆ ಬೇರೆ ಗುಂಪಿನದಕ್ಕೆ ಬದಲಾಯಿಸಿದರು.

ಆ ದೂರನ್ನು ಯಾರಾದರೂ ಗಂಭೀರವಾಗಿ ತೆಗೆದುಕೊಂಡರು ಎಂಬುದೇ ಶಶಿಗೆ ದೊಡ್ಡದಾಯಿತು. ಆ ಹೊತ್ತಿಗೆ ‘ಸುಮ್ನೆ ಮಾತ್ರೆ ತಗೊಳ್ಳಿ, ಹಾಡು ಗೀಡು ಅಂತ ತಲೆ ಕೆಡಿಸ್ಕೋಬೇಡಿ’ ಎಂದಿದ್ದರೆ ಅವರು ವಾಪಸ್ ಬರುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಎರಡು ಪೆನ್ನು

ಈಗ ಹಾಡನ್ನು ಸರಿಯಾಗಿ ಕೂತು ನೋಡಲೇಬೇಕಿತ್ತು. ಅದು ಒಬ್ಬರನ್ನು ಮಾತ್ರೆ ಬಿಡಿಸುವಷ್ಟು ಬಲ ಪಡೆದಿತ್ತಲ್ಲ.

ಸಾಹಿತ್ಯದ ಪ್ರಿಂಟ್ ತರಲು ಹೇಳಿದೆ. ಒಂದು ನೀಲಿ ಪೆನ್ನು, ಒಂದು ಕೆಂಪು ಪೆನ್ನು ಕೊಟ್ಟೆ. ‘ಇದರಲ್ಲಿ ಇಬ್ಬರು ಮಾತಾಡ್ತಾರೆ ಅಂದಿರಲ್ಲ. ಡಾಕ್ಟರ ಮಾತಿಗೆ ನೀಲಿ ಗೆರೆ, ರೋಗಿಯ ಮಾತಿಗೆ ಕೆಂಪು ಗೆರೆ ಎಳೀರಿ.’

ಶಶಿಗೆ ಇದು ಸುಲಭ. ಚರಣಗಳನ್ನು ವಾಟರ್ಸ್ ಹಾಡುತ್ತಾರೆ, ಅದು ಡಾಕ್ಟರು. ಪಲ್ಲವಿಯನ್ನು ತಂಡದ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಹಾಡುತ್ತಾರೆ, ಅದು ರೋಗಿ. (ತಾನೇ ಸೂಜಿ ಚುಚ್ಚಿಸಿಕೊಂಡವರು ರೆಕಾರ್ಡಿಂಗ್‌ನಲ್ಲಿ ಡಾಕ್ಟರ ಭಾಗ ಹಾಡಿದ್ದಾರೆ ಎಂಬುದು ನನಗೆ ಬಹಳ ಕುತೂಹಲ ಅನಿಸಿತು.) ಗೆರೆ ಎಳೆದು ಮುಗಿಸಿದಾಗ ಹಾಳೆಯ ಅರ್ಧದಷ್ಟು ನೀಲಿಯಾಗಿತ್ತು. ಇಷ್ಟು ವರ್ಷ ಶಶಿ ಕೆಂಪು ಭಾಗವನ್ನಷ್ಟೇ ತಮ್ಮದೆಂದು ಕೇಳಿದ್ದರು.

‘ನೀಲಿಯನ್ನು ಜೋರಾಗಿ ಓದಿ’ ಎಂದೆ.

ಓದಿದರು. ಒಳಗೆ ಯಾರಾದರೂ ಇದ್ದೀರಾ ಎಂದು ವಿಚಾರಿಸುವುದು. ಎಲ್ಲಿ ನೋವು ಎಂದು ಕೇಳುವುದು. ಒಂದು ಸಣ್ಣ ಚುಚ್ಚು ಅಷ್ಟೇ ಎನ್ನುವುದು. ಎದ್ದು ನಿಲ್ಲೋಕಾಗುತ್ತಾ, ಕಾರ್ಯಕ್ರಮ ಮುಗಿಯುವ ತನಕ ಇದು ನಿನ್ನನ್ನು ನಡೆಸುತ್ತೆ, ಹೊರಡು, ಹೊತ್ತಾಯಿತು. ಒಂದೂ ಒರಟು ಮಾತಲ್ಲ. ಎಲ್ಲಾ ಕಾಳಜಿಯ ಮಾತೇ. ಆದರೆ ಈ ಡಾಕ್ಟರಿಗೆ ಒಳಗಿರುವವನು ವಾಸಿಯಾಗಬೇಕಿಲ್ಲ. ವೇದಿಕೆ ಹತ್ತಿದರೆ ಸಾಕು.

ಶಶಿ ಮಧ್ಯದಲ್ಲಿ ನಿಲ್ಲಿಸಿದರು. ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು.

‘ಈ ಡಾಕ್ಟರು ಯಾರು ಶಶಿ?’

ಮನೋವೈದ್ಯರು ಅನ್ನುತ್ತಾರೆ ಅಂದುಕೊಂಡಿದ್ದೆ. ಇಲ್ಲವೇ ಮ್ಯಾನೇಜರು. ಅವರು ಅಂದದ್ದು, ‘ಇದು ನಾನೇ ಮೇಡಂ. ಬೆಳಗ್ಗೆ ಎದ್ದ ತಕ್ಷಣ ನನಗೆ ನಾನೇ ಹೀಗೇ ಮಾತಾಡೋದು. ಆಯ್ತು, ಏಳು. ಇದೊಂದು ಕಾಲ್ ಮುಗಿಸು. ಇದೊಂದು ರಿಲೀಸ್ ಮುಗಿಸು.’

ಆಮೇಲೆ ಎಲ್ಲಾ ಬಂತು. ಅಮ್ಮ ಐಸಿಯುನಲ್ಲಿದ್ದ ಕೊನೆಯ ವಾರ ಟೀಮಿನಲ್ಲಿ ದೊಡ್ಡ ರಿಲೀಸ್, ಅಂದರೆ ಹೊಸ ಸಾಫ್ಟ್‌ವೇರ್ ಹೊರಬಿಡುವ ಕೆಲಸ ಇತ್ತು. ಅಕ್ಕ ಒಳಗೆ. ಶಶಿ ಲಿಫ್ಟ್ ಪಕ್ಕದ ಸ್ಟೀಲ್ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೊಡೆಗೆ ಇಟ್ಟುಕೊಂಡು ಕಾಲ್‌ನಲ್ಲಿ. ಅಲ್ಲಿದ್ದ ಒಂದೇ ಪ್ಲಗ್ ಪಾಯಿಂಟಿಗೆ ಯಾರೋ ಫೋನ್ ಚಾರ್ಜಿಗೆ ಹಾಕಿದ್ದರು, ಅವರನ್ನು ಕೇಳಿ ತೆಗೆಸಿದ್ದು ನೆನಪಿದೆ. ಅಕ್ಕ ಬಾಗಿಲಿಂದ ಕೈಬೀಸಿ ಕರೆದರು. ‘ಎರಡೇ ನಿಮಿಷ’ ಎಂದು ಶಶಿ ಬೆರಳು ತೋರಿಸಿದರು. ಅಮ್ಮ ಅವತ್ತು ಹೋಗಲಿಲ್ಲ, ಎರಡು ದಿನ ಬಿಟ್ಟು ಹೋದರು. ಆದರೆ ಕೊನೆಯ ಸಲ ಕಣ್ಣು ಬಿಟ್ಟು ಮಾತಾಡಿದ್ದು ಆ ಎರಡು ನಿಮಿಷದಲ್ಲಿ.

ಇದನ್ನು ಅವರು ಅಳದೇ ಹೇಳಿದರು. ಆದರೆ ತಾರೀಖು ಹೇಳಲಿಲ್ಲ. ನನಗೆ ಆ ವ್ಯತ್ಯಾಸ ಮುಖ್ಯ ಅನಿಸಿತು.

ಕೆಂಪು ಭಾಗಕ್ಕೆ ಮುಂದಿನ ಸಲ ಬಂದೆವು. ಅಲ್ಲಿ ರೋಗಿ ಚಿಕ್ಕಂದಿನ ಒಂದು ಜ್ವರ ನೆನಪಿಸಿಕೊಳ್ಳುತ್ತಾನೆ, ಕೈಗಳು ಬಲೂನಿನ ಹಾಗೆ ಊದಿದಂತೆ ಅನಿಸಿತ್ತು ಎನ್ನುತ್ತಾನೆ. ಶಶಿ ಇದನ್ನು ಸಾವಿರ ಸಲ ಕೇಳಿರಬೇಕು. ನಿಮಗೆ ಅಂಥ ಜ್ವರ ಬಂದಿತ್ತಾ ಎಂದು ಕೇಳಿದೆ. ಬಂದಿತ್ತು, ಐದನೇ ಕ್ಲಾಸಿನಲ್ಲಿ, ಟೈಫಾಯ್ಡ್. ಹಣೆಗೆ ಒದ್ದೆಬಟ್ಟೆ, ಉಪ್ಪು ಹಾಕಿದ ಗಂಜಿ, ಗಂಜಿಗೆ ನಂಜಿಕೊಳ್ಳಲು ನಿಂಬೆ ಉಪ್ಪಿನಕಾಯಿಯ ಬರೀ ರಸ. ಹೋಳು ಕೊಡುತ್ತಿರಲಿಲ್ಲ, ಅದಕ್ಕೆ ಜಗಳ. ರಾತ್ರಿಯಿಡೀ ಅಮ್ಮ ಪಕ್ಕದಲ್ಲಿ ಕೂತಿದ್ದರು. ‘ಅಮ್ಮ ಒಂದ್ಸಲಾನೂ ಏಳು, ಸ್ಕೂಲಿಗೆ ಹೊತ್ತಾಯ್ತು ಅನ್ನಲಿಲ್ಲ.’

ಅಲ್ಲಿಗೆ ಹಾಡಿಗೆ ಮೂರನೇ ಅರ್ಥ ಬಂತು. ರೋಗಿ ಆರಾಮಾಗಿದ್ದಾನೆ ಎಂದು ಶಶಿ ತಿಳಿದಿದ್ದರು. ಈಗ ಓದಿದರೆ, ಅವನು ‘ಇದು ನಾನಲ್ಲ’ ಎಂದೂ ಹೇಳುತ್ತಿದ್ದಾನೆ. ಆ ಸಾಲು ಮೊದಲಿಂದಲೂ ಅಲ್ಲೇ ಇತ್ತು.

ಮೊದಲು ಬಂದದ್ದು ಸಿಟ್ಟು

ಮರಗಟ್ಟಿದ್ದು ಬಿಡುವಾಗ ಮೊದಲು ಬರುವುದು ಖುಷಿ ಎಂದು ಮನೆಯವರು ಕಾಯುತ್ತಿರುತ್ತಾರೆ. ಸಾಮಾನ್ಯವಾಗಿ ಹಾಗಾಗುವುದಿಲ್ಲ. ಶಶಿಗೆ ಮೊದಲು ಬಂದದ್ದು ಸಿಟ್ಟು. ಅಮ್ಮನ ಸೀರೆಗಳನ್ನು ಅಕ್ಕ ಯಾರನ್ನೂ ಕೇಳದೆ ನೆಂಟರಿಗೆ ಹಂಚಿದ್ದರು. ಅದು ನಡೆದು ವರ್ಷವೇ ಆಗಿತ್ತು. ಅದಕ್ಕೆ ಈಗ ಜಗಳ. ಅಕ್ಕ ಫೋನಿನಲ್ಲಿ ಅಳುತ್ತಾ, ‘ಮೊದಲೇ ಚೆನ್ನಾಗಿದ್ದ ಮೇಡಂ. ಜಗಳ ಆಡ್ತಿರಲಿಲ್ಲ’ ಅಂದರು.

ಇಲ್ಲಿ ಇನ್ನೊಂದು ತೀರ್ಮಾನ. ಶಶಿಯ ಒಪ್ಪಿಗೆ ಕೇಳಿ ಅಕ್ಕನನ್ನೂ ಒಂದು ಸಲ ಕೂರಿಸಿಕೊಂಡೆ. ಈ ಸಿಟ್ಟು ಹದಗೆಡುವ ಲಕ್ಷಣವಲ್ಲ, ತಡವಾಗಿ ಬಂದ ದುಃಖ ಎಂದು ವಿವರಿಸಿದೆ. ಮಾತಾಡುತ್ತಾ ಗೊತ್ತಾಯಿತು, ಅಕ್ಕನಿಗೂ ಆ ಬೆಂಚಿನ ಮೇಲೆ ಸಿಟ್ಟಿತ್ತು. ‘ನೀನು ಎರಡು ನಿಮಿಷ ಅಂದೆ ಕಣೋ’ ಎಂದು ಅವತ್ತು ಮೊದಲ ಸಲ ಹೇಳಿದರು. ಆ ಒಂದು ಗಂಟೆಯನ್ನು ಇಲ್ಲಿ ಬರೆಯುವುದಿಲ್ಲ.

ಕೆಲಸದ ಕಡೆ ಅಷ್ಟು ಬದಲಾವಣೆ ಆಗಲಿಲ್ಲ. ಮೂರು ತಿಂಗಳು ಆನ್‌ಕಾಲ್ ಬೇಡ ಎಂದು ಕೇಳಿದರು. ಸಿಕ್ಕಿದ್ದು ವಾರಾಂತ್ಯದ ಬಿಡುವು ಮಾತ್ರ. ಆ ಬಿಡುವಿನಲ್ಲಿ ಏನು ಮಾಡಬೇಕು ಎಂದು ಇಬ್ಬರೂ ಕೂತು ಸಣ್ಣ ಪಟ್ಟಿ ಮಾಡಿದೆವು. ಮನಸ್ಸು ಬಂದಾಗ ಮಾಡುತ್ತೇನೆ ಎಂದರೆ ಖಿನ್ನತೆಯಲ್ಲಿ ಆ ಮನಸ್ಸು ಬರುವುದೇ ಇಲ್ಲ. ಮೊದಲು ಮಾಡಬೇಕು, ರುಚಿ ಆಮೇಲೆ ಬರುತ್ತದೆ. ಬೆಳಗ್ಗೆ ಕೆರೆ ಸುತ್ತ ನಡೆಯುವುದು, ಭಾನುವಾರ ಅಕ್ಕನ ಮನೆಯಲ್ಲಿ ಊಟ, ಧೂಳು ಹಿಡಿದಿದ್ದ ಗಿಟಾರಿಗೆ ಹೊಸ ತಂತಿ. ಗಿಟಾರು ಕೈ ಹಿಡಿಯಲಿಲ್ಲ. ನಡಿಗೆ ಹಿಡಿಯಿತು.

ನಾಲ್ಕು ತಿಂಗಳ ನಂತರ ಅದೇ ಪ್ರಶ್ನಾವಳಿ ಕೊಟ್ಟಾಗ ಮೊತ್ತ 8. ಒಂದು ವಿಷಯ ಮಾತ್ರ ತಿರುಗುಮುರುಗಾಗಿತ್ತು: ಬೇಜಾರಿನ ಪ್ರಶ್ನೆಗೆ ಮೊದಲು 0 ಹಾಕಿದ್ದವರು ಈ ಸಲ 2 ಹಾಕಿದ್ದರು. ಕಾಗದದ ಮೇಲೆ ಅದು ಹಿನ್ನಡೆ. ನಾನೂ ಮನೋವೈದ್ಯರೂ ಅದನ್ನು ಹಾಗೆ ನೋಡಲಿಲ್ಲ.

ಈ ಪ್ರಕರಣದಿಂದ ತಿಳಿದದ್ದು

ಹಾಡಿನ ‘ನಿಜವಾದ’ ಅರ್ಥ ಏನು ಎಂಬ ಚರ್ಚೆ ನಮ್ಮ ಕೆಲಸಕ್ಕೆ ಬಾರದು. ವಾಟರ್ಸ್ ಬರೆದದ್ದು ಒಂದು ಇಂಜೆಕ್ಷನ್ ಬಗ್ಗೆ. ಶಶಿ ಅದರಲ್ಲಿ ಕಂಡದ್ದು ಸ್ಟೀಲ್ ಬೆಂಚನ್ನು. ಯಾವುದೂ ತಪ್ಪಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಈ ಅರ್ಥ ಈ ವ್ಯಕ್ತಿಯಿಂದ ಏನು ಮಾಡಿಸುತ್ತಿದೆ? ಮೊದಲ ಅರ್ಥ ಅಕ್ಕನ ಫೋನ್ ಎತ್ತದಂತೆ ಮಾಡಿತು. ಎರಡನೆಯದು ಮಾತ್ರೆ ಬಿಡಿಸಿತು. ಮೂರನೆಯದು ಅಕ್ಕನ ಎದುರು ಕೂರಿಸಿತು. ಹಾಡು ಮೂರು ಸಲವೂ ಅದೇ.

ನನ್ನ ಜೊತೆಗಾರರಲ್ಲಿ ಕೆಲವರು ಇಂಥ ಹಾಡು ಬಂದ ಕೂಡಲೇ ತಾವೇ ವ್ಯಾಖ್ಯಾನ ಶುರುಮಾಡುತ್ತಾರೆ. ಬೇಡ. ‘ಆ ಡಾಕ್ಟರು ನೀವೇ ಅಲ್ವಾ’ ಎಂದು ನಾನೇ ಹೇಳಿಬಿಟ್ಟಿದ್ದರೆ ಶಶಿ ತಲೆಯಾಡಿಸಿ ಹೋಗುತ್ತಿದ್ದರು. ಸುಮ್ಮನೆ ಪೆನ್ನು ಕೊಟ್ಟು ಕಾಯುವುದು ಕಷ್ಟ, ಆದರೆ ಅದೇ ಕೆಲಸ.

ಎಲ್ಲಾ ಹಾಡಿಗೂ ಇದು ಒಗ್ಗುವುದಿಲ್ಲ ಎಂಬುದನ್ನೂ ಹೇಳಬೇಕು. ಸಾಹಿತ್ಯದಲ್ಲಿ ಸಾವಿನ ಮಾತಿದ್ದು, ಕೇಳುವವರು ಅದನ್ನು ತಮಗೆ ಕೊಟ್ಟ ಸಲಹೆಯ ಹಾಗೆ ಹೇಳತೊಡಗಿದರೆ ಪೆನ್ನು, ಕಾಗದ ಪಕ್ಕಕ್ಕಿಡಬೇಕು. ಸಾಯುವ ಯೋಚನೆ ಬರುತ್ತಿದೆಯಾ, ಹೇಗೆ ಎಂದು ಯೋಚಿಸಿದ್ದೀರಾ ಎಂದು ನೇರವಾಗಿ ಕೇಳಬೇಕು. ಕೇಳಿದರೆ ಆ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಎಂಬ ಭಯ ಬೇಡ, ಹಾಗಾಗುವುದಿಲ್ಲ. ಇಂಥ ಹೊತ್ತಿನಲ್ಲಿ ಮನೆಯವರಿಗೆ ಏನು ಮಾಡಬೇಕೆಂದು ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ, ಹಗಲೂ ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಶಶಿ ಈಗ ತಿಂಗಳಿಗೊಮ್ಮೆ ಬರುತ್ತಾರೆ. ಮಾತ್ರೆ ಇನ್ನೂ ಇದೆ, ಯಾವಾಗ ಇಳಿಸಬೇಕು ಎಂಬುದು ಮನೋವೈದ್ಯರ ಜೊತೆಗಿನ ಮಾತು. ಕೆಲಸ ಬದಲಿಸಬೇಕೋ ಬೇಡವೋ ಎಂಬುದು ತೀರ್ಮಾನವಾಗಿಲ್ಲ. ಇದನ್ನು ಬರೆದು ಅವರಿಗೆ ಓದಲು ಕೊಟ್ಟಾಗ ಒಂದೇ ತಕರಾರು ತೆಗೆದರು. ‘ನೀವು ಬರೀ ಸಾಹಿತ್ಯದ ಬಗ್ಗೆ ಬರೆದಿದೀರಿ ಮೇಡಂ. ಕೊನೆಯಲ್ಲಿ ಗಿಲ್ಮೋರ್ ಗಿಟಾರ್ ಸೋಲೋ ಇಲ್ಲದಿದ್ದಿದ್ರೆ ಆ ಹಾಡನ್ನ ನಾನು ಎರಡನೇ ಸಲ ಹಾಕ್ತಾನೇ ಇರ್ಲಿಲ್ಲ. ಇದನ್ನೂ ಸೇರಿಸಿ.’ ಸೇರಿಸಿದ್ದೇನೆ.